ಹೆಬ್ಬೆರಳು ಮೊದಲು ಹೊರಗೆ

ಹೊಸ ರೋಗಿ ಬಂದಾಗ ನಾನು ತುಂಬಿಸಬೇಕಾದ ಫಾರಮಿನಲ್ಲಿ ಏಳನೆಯ ಪ್ರಶ್ನೆ ಹೀಗಿದೆ: ‘ಈ ಕೈಯಿಂದ ವಾರದಲ್ಲಿ ಏನೇನು ಮಾಡುತ್ತೀರಿ? ರೋಗಿಯ ಮಾತಿನಲ್ಲೇ ಬರೆಯಿರಿ.’ ಕೊನೆಯ ಮೂರು ಪದಗಳಿಗೆ ಅಡಿಗೆರೆ ಬೇರೆ. ಅಮೆರಿಕದ ಬ್ಯಾಲಂಟೈನ್ ಎಂಬಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನಾನು ಕೈಗಳ ಥೆರಪಿಸ್ಟ್. ಮೊಣಕೈಯಿಂದ ಉಗುರಿನ ತುದಿಯವರೆಗೆ, ಅಷ್ಟೇ ನನ್ನ ಸಾಮ್ರಾಜ್ಯ. ಅಮೆರಿಕನ್ನರು ಬಂದರೆ ಏಳನೆಯ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ. ಯಾರು ಗಾಲ್ಫ್ ಆಡುತ್ತಾರೋ, ಯಾರು ಮರ ಕಡಿಯುತ್ತಾರೋ ನನಗೇನು ಗೊತ್ತು. ನಮ್ಮವರು ಬಂದರೆ ಮಾತ್ರ ಕೇಳುವ ಮೊದಲೇ ಉತ್ತರ ಗೊತ್ತು ಅಂತ ನಂಬಿಕೊಂಡಿದ್ದೆ. ಗಂಡಸರಾದರೆ ಮೌಸು, ಹೆಂಗಸರಾದರೆ ಚಪಾತಿ.

ಕ್ಲಿನಿಕ್ಕಿನಲ್ಲಿ ಇನ್ನೂ ಮಾಸ್ಕ್ ಕಡ್ಡಾಯವಿದ್ದ ಚಳಿಗಾಲ ಅದು. ಅರವತ್ತು ದಾಟಿದ ಮೈಸೂರಿನ ಹೆಂಗಸೊಬ್ಬರು ಬಲಗೈ ಹೆಬ್ಬೆರಳ ಬುಡದ ನೋವಿಗೆ ಬಂದರು. ಪಕ್ಕದಲ್ಲಿ ಅವರ ಮಗಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಮೀಟಿಂಗಿನಲ್ಲಿ ಅರ್ಧ ಇದ್ದಳು. ನನ್ನ ಮಾತಿನಲ್ಲೇ ಧಾರವಾಡ ಗುರುತು ಹಿಡಿದ ಹೆಂಗಸು, “ಅಯ್ಯೋ, ಕನ್ನಡ ಡಾಕ್ಟ್ರು!” ಅಂದರು.

“ಡಾಕ್ಟರ್ ಅಲ್ರೀ ಅಕ್ಕಾರ, ಬರೇ ಥೆರಪಿಸ್ಟ್. ಮನ್ಯಾಗ ಚಪಾತಿ ಲಟ್ಟಸೂದು ನೀವ ಏನ್ರಿ?”

ಅವರು ಒಂದು ಕ್ಷಣ ಮಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ. “ಹೂಂನಪ್ಪ, ಚಪಾತಿ.”

ಮಗಳು ಫೋನಿನಿಂದ ತಲೆ ಎತ್ತಿ ಏನೋ ಹೇಳಲು ಹೋಗಿ, “ಯೆಸ್, ಐ ಆ್ಯಮ್ ಹಿಯರ್,” ಅಂತ ಮೀಟಿಂಗಿಗೆ ಉತ್ತರ ಕೊಟ್ಟಳು. ಮಾಸ್ಕಿನ ಹಿಂದೆ ತಾಯಿಯ ಮುಖ ಏನು ಮಾಡುತ್ತಿತ್ತೋ ನನಗೆ ಕಾಣಲಿಲ್ಲ. ಏಳನೆಯ ಪ್ರಶ್ನೆಯ ಮುಂದೆ ‘ಚಪಾತಿ, ದಿನಾ’ ಅಂತ ನನ್ನ ಮಾತಿನಲ್ಲೇ ಬರೆದೆ. ಚಿಕಿತ್ಸೆಯ ಗುರಿ ಎಂಬ ಖಾನೆಯಲ್ಲೂ ಬರೆದೆ: ‘ನೋವಿಲ್ಲದೆ ಹತ್ತು ಚಪಾತಿ ಲಟ್ಟಿಸುವುದು.’

ಹಿಡಿತದ ಬಲ ಅಳೆಯುವ ಯಂತ್ರವನ್ನು ಹಿಂಡಿಸಿ ನೋಡಿದೆ. ಬಲಗೈ ಎಡಗೈಗಿಂತ ದುರ್ಬಲ. ಹೆಬ್ಬೆರಳ ಬುಡದ ಕೀಲು ಸವೆದಿದೆ ಅಂತ ತೀರ್ಮಾನಿಸಿದೆ. ಆ ವಯಸ್ಸಿನ ಹೆಂಗಸರಲ್ಲಿ ಅದು ಸಾಮಾನ್ಯ. ದಿನಕ್ಕೆ ಮೂರು ಸಲ ಹಿಂಡಲು ಗಟ್ಟಿ ಪುಟ್ಟಿ, ಅಂದರೆ ಕಣಕದಂಥ ರಬ್ಬರ್ ಮುದ್ದೆ, ಕೊಟ್ಟು, “ಬಲ ಬಂದ್ರ ನೋವು ಹೋಗ್ತದ,” ಅಂದೆ.

ಎರಡು ವಾರದಲ್ಲಿ ಬಲ ಬಂತು. ನೋವು ಹೋಗಲಿಲ್ಲ, ಹೆಚ್ಚಾಯಿತು. ಜೊತೆಗೆ ಹೆಬ್ಬೆರಳ ಒಳಮಗ್ಗುಲು ಜೋಮು ಹಿಡಿಯತೊಡಗಿತು.

ಜೋಮು ಅಂದರೆ ನರ. ಕೀಲು ಸವೆದರೆ ನೋಯುತ್ತದೆ, ಜೋಮು ಹಿಡಿಯುವುದಿಲ್ಲ. ನಾನು ಚಿಂತೆಯನ್ನು ಹವ್ಯಾಸದ ಹಾಗೆ ಬೆಳೆಸಿಕೊಂಡವನು. ಮನೆ ಬಿಟ್ಟು ಎರಡು ಸಿಗ್ನಲ್ ದಾಟಿದ ಮೇಲೆ ಗ್ಯಾಸ್ ಆರಿಸಿದೆನೇ ಅಂತ ಹೆಂಡತಿಗೆ ಫೋನ್ ಮಾಡುತ್ತೇನೆ. ನಮ್ಮ ಮನೆಯಲ್ಲಿರುವುದು ಕರೆಂಟ್ ಒಲೆ. ಅಂಥವನಿಗೆ ಈಗ ಚಿಂತಿಸಲು ನಿಜವಾದ ಕಾರಣವೇ ಸಿಕ್ಕಿತು. ನರ ಹೆಚ್ಚು ದಿನ ನಲುಗಿದರೆ ಆ ಬೆರಳಿಗೆ ಸ್ಪರ್ಶ ಶಾಶ್ವತವಾಗಿ ಮಂಕಾಗಬಹುದು. ನನ್ನ ಪುಟ್ಟಿಯಿಂದಲೇ ಹಾಗಾದರೆ?

ಮುಂದಿನ ಭೇಟಿಗೆ ಅವರು ಒಬ್ಬರೇ ಬಂದಿದ್ದರು. ಮಗಳು ಬಿಟ್ಟು ಹೋಗಿದ್ದಳು. ಕೈಯನ್ನು ದೀಪದ ಕೆಳಗೆ ಇಟ್ಟು, ಮೊದಲ ದಿನವೇ ನೋಡಬೇಕಾಗಿದ್ದನ್ನು ಅವತ್ತು ನೋಡಿದೆ. ತೋರುಬೆರಳಿಗೆ ಮುಖ ಮಾಡಿದ ಹೆಬ್ಬೆರಳ ಮಗ್ಗುಲಲ್ಲಿ, ಬುಡಕ್ಕೆ ಹತ್ತಿರ, ಹುಣಸೆಬೀಜದಷ್ಟು ಜಡ್ಡು. ಅದರ ಮೇಲೆ ತಟ್ಟಿದೆ. “ಅಮ್ಮಾ!” ಅಂತ ಕೈ ಎಳೆದುಕೊಂಡರು. ಕರೆಂಟು ತುದಿಯವರೆಗೆ ಹೋಯಿತಂತೆ.

ಲಟ್ಟಣಿಗೆ ಅಲ್ಲಿ ತಾಗುವುದಿಲ್ಲ. ನಮ್ಮವ್ವ ನಲವತ್ತು ವರ್ಷ ಲಟ್ಟಿಸಿದ್ದನ್ನು ನೋಡಿದ್ದೇನೆ, ಅವಳ ಜಡ್ಡು ಅಂಗೈಯಲ್ಲಿ.

“ಅಕ್ಕಾರ, ಇದು ಚಪಾತಿ ಜಡ್ಡು ಅಲ್ಲ. ಖರೇ ಹೇಳ್ರಿ, ಏನ್ ಮಾಡ್ತೀರಿ ಈ ಕೈಲೆ?”

ಅವರು ಬಾಗಿಲ ಕಡೆ ನೋಡಿದರು. “ನನ್ನ ಮಗಳಿಗೆ ಹೇಳಲ್ಲ ತಾನೇ?”

“ಹೇಳಿದ್ರ ನನ್ನ ಲೈಸೆನ್ಸ್ ಹೋಗ್ತದ್ರೀ.”

“ಬೌಲಿಂಗಪ್ಪಾ. ಚೆಂಡು ಉರುಳ್ಸಿ ಬೀಳ್ಸೋಕೆ ಹತ್ತು ಪಿನ್ ಇಟ್ಟಿರ್ತಾರಲ್ಲ, ಅದು. ಪ್ರತಿ ಮಂಗಳವಾರ.”

ನಿಧಾನವಾಗಿ ಎಲ್ಲ ಹೊರಬಂತು. ಹಿರಿಯರ ಲೀಗ್, ನಾಲ್ಕು ಹೆಂಗಸರ ತಂಡ. ಕ್ಯಾಪ್ಟನ್, ನಿವೃತ್ತಳಾದ ಸ್ಕೂಲ್ ಬಸ್ ಡ್ರೈವರ್, ವಾರವಾರ ಮನೆಗೇ ಬಂದು ಕರೆದುಕೊಂಡು ಹೋಗುತ್ತಾಳೆ. ನೇರಳೆ ಬಣ್ಣದ ಅಂಗಿ, ಎದೆಯ ಮೇಲೆ ಹೆಸರು ಹೊಲಿದಿದೆ. ನೋವು ಶುರುವಾದಾಗ ಮಗಳು “ಸಾಕು ಮಮ್ಮಿ, ನಿಲ್ಸು,” ಅಂದಿದ್ದಳು. ಸರಿ, ಹೋಗಿ ಸುಮ್ಮನೆ ಕೂತು ಮಾತಾಡಿಕೊಂಡು ಬರ್ತೀನಿ ಅಂತ ಇವರು ಹೇಳಿದ್ದರು. ಕೂತಿರಲಿಲ್ಲ.

“ಐದು ವಾರಕ್ಕೆ ಫೈನಲ್ಸು. ಕ್ಯಾಪ್ಟನ್ ಒಬ್ಬಳು ಸಬ್‌ಸ್ಟಿಟ್ಯೂಟ್ ತಂದಿದಾಳೆ, ಆರಡಿ ಹೆಂಗ್ಸು, ಬಾಲ್ ಬಿಟ್ರೆ ಗುಡುಗು. ಫೈನಲ್ಸ್ ಹಿಂದಿನ ವಾರ ನಾನೋ ಅವಳೋ ಅಂತ ಡಿಸೈಡ್ ಮಾಡ್ತಾಳಂತೆ.” ಅವರು ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು. “ಮನೇಲಿ ಎಲ್ಲ ಚೆನ್ನಾಗೇ ಇದಾರಪ್ಪ. ಆದ್ರೆ ಸೋಮವಾರ ಮೊಮ್ಮಗನ ಪಿಯಾನೊ, ಬುಧವಾರ ಮೊಮ್ಮಗಳ ಈಜು, ಎಲ್ಲಾ ದಿನಕ್ಕೂ ಯಾರದೋ ಹೆಸರು ಇದೆ. ಮಂಗಳವಾರ ಒಂದೇ ನಂದು.”

ವೈದ್ಯರ ಪುಸ್ತಕದಲ್ಲಿ ಈ ಕಾಯಿಲೆಗೆ ‘ಬೌಲರನ ಹೆಬ್ಬೆರಳು’ ಅಂತಲೇ ಹೆಸರಿದೆ. ಪರೀಕ್ಷೆಗೆ ಓದಿದ್ದೆ. ಚೆಂಡಿನಲ್ಲಿ ಬೆರಳು ತೂರಿಸುವ ರಂಧ್ರದ ಅಂಚು ನರವನ್ನು ಪದೇಪದೇ ಒತ್ತುತ್ತದೆ. ಮೊದಲ ಮದ್ದು ಆಟ ನಿಲ್ಲಿಸುವುದು. ನಿಲ್ಲಿಸಿ ಅಂದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ಪ್ರಶ್ನೆ ಬಿಡಲೊಲ್ಲದು: ಆ ಲೀಗಿನ ಎಲ್ಲ ಹೆಂಗಸರೂ ಅಂಥದೇ ಚೆಂಡು ಎಸೆಯುತ್ತಾರಲ್ಲ, ಇವರ ನರವೇ ಯಾಕೆ?

ಮುಂದಿನ ಮಂಗಳವಾರ ರಜೆ ಹಾಕಿ ಅವರ ಬೌಲಿಂಗ್ ಹಾಲಿಗೆ ಹೋದೆ. ಟೇಪು, ನೋಟ್‌ಬುಕ್, ನಿಧಾನಗತಿಯಲ್ಲಿ ಚಿತ್ರೀಕರಿಸುವ ಫೋನು. ಇವರು ಪರಿಚಯ ಮಾಡಿಕೊಟ್ಟ ಮೇಲೆ ಕ್ಯಾಪ್ಟನ್ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಮೊದಲು ನೀನೊಂದು ಎಸಿ,” ಅಂದಳು. ಎಸೆದೆ. ಚೆಂಡು ಮೂರು ಮಾರು ಹೋಗಿ, ನನ್ನ ಸಹವಾಸವೇ ಬೇಡವೆಂಬಂತೆ ಪಕ್ಕದ ಚರಂಡಿಗೆ ಇಳಿಯಿತು. “ಕೈ ರಿಪೇರಿ ಮಾಡುವವನು ಇವನೇನಾ?” ಅಂತ ಅವಳು ಕೇಳಿದ್ದು ಚೆಂಡು ಉರುಳಿಸುವ ನಾಲ್ಕು ಲೇನಿಗೆ ಕೇಳಿಸಿತು.

ಆಮೇಲೆ ನಮ್ಮ ಮೈಸೂರಿನ ಅಕ್ಕ ಎಸೆದರು. ಅಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಚೆಂಡುಗಳ ಸಾಲಿನಿಂದ ಹದಿನಾಲ್ಕು ಪೌಂಡಿನದನ್ನು ಆರಿಸಿಕೊಂಡು, ನಾಲ್ಕು ಹೆಜ್ಜೆ ಓಡಿ, ಕೊನೆಯಲ್ಲಿ ಇಡೀ ಭುಜ ಹಾಕಿ ಒಗೆದರು. ಚೆಂಡು ಗಾಳಿಯಲ್ಲಿ ಹೋಗಿ ಧೊಪ್ಪೆಂದು ಮರದ ಮೇಲೆ ಬಿತ್ತು. ಆರು ಪಿನ್ ಸಿಡಿದವು.

“ಇದನ್ನ ಎಲ್ಲಿ ಕಲ್ತ್ರಿ?” ಅಂದೆ.

“ಥ್ರೋಬಾಲ್! ಮೈಸೂರಲ್ಲಿ ಬ್ಯಾಂಕ್ ಟೀಮಲ್ಲಿ ಹನ್ನೆರಡು ವರ್ಷ ಆಡಿದೀನಿ. ನನ್ನ ಸರ್ವೀಸ್ ಎತ್ತೋರೇ ಇರ್ಲಿಲ್ಲ.”

ಫೋನಿನಲ್ಲಿ ನಿಧಾನವಾಗಿ ನೋಡಿದಾಗ ಉತ್ತರ ಅಲ್ಲೇ ಇತ್ತು. ಬೌಲಿಂಗ್ ಚೆಂಡಿಗೆ ಮೂರು ರಂಧ್ರ: ಹೆಬ್ಬೆರಳಿಗೆ ಒಂದು, ನಡುವಿನ ಎರಡು ಬೆರಳಿಗೆ ಎರಡು. ತೋಳು ಗೋಡೆ ಗಡಿಯಾರದ ಲೋಲಕದ ಹಾಗೆ ತೂಗಿ, ಕಾಲಿನ ಪಕ್ಕ ಬರುವಾಗ ಹೆಬ್ಬೆರಳು ಮೊದಲು ಜಾರಿ ಹೊರಬರಬೇಕು. ಆಮೇಲೆ ಉಳಿದೆರಡು ಬೆರಳು ಚೆಂಡನ್ನು ಉರುಳಿಸಿ ಬಿಡುತ್ತವೆ. ಕ್ಯಾಪ್ಟನ್ ಎಸೆದಾಗ ಹಾಗೇ ಆಗುತ್ತಿತ್ತು. ಇವರ ಹೆಬ್ಬೆರಳು ಮಾತ್ರ ಕೊನೆಯವರೆಗೆ ಹಿಡಿದುಕೊಂಡು, ಆಮೇಲೆ ಅಂಚಿಗೆ ಉಜ್ಜಿಕೊಂಡು ಕಿತ್ತು ಬರುತ್ತಿತ್ತು. ಥ್ರೋಬಾಲಿನಲ್ಲಿ ಗಟ್ಟಿ ಹಿಡಿದು ಝಾಡಿಸಿದಷ್ಟೂ ಲಾಭ. ಇಲ್ಲಿ ಹಿಡಿದಷ್ಟೂ ನಷ್ಟ. ನಾನೋ, ಎರಡು ವಾರ ಪುಟ್ಟಿ ಕೊಟ್ಟು ಅದೇ ಹಿಡಿತಕ್ಕೆ ಗೊಬ್ಬರ ಹಾಕಿದ್ದೆ.

ಲೇನಿನ ನೆಲದ ಮೇಲೆ ಗುರಿಗೆಂದು ಏಳು ಬಾಣದ ಗುರುತುಗಳಿವೆ. ಇವರ ಹತ್ತು ಎಸೆತ ಯಾವ ಬಾಣದ ಮೇಲೆ ಹೋದವು ಅಂತ ಬರೆದುಕೊಂಡೆ. ಒಂದನೆಯದರಿಂದ ಐದನೆಯದರವರೆಗೆ ಎಲ್ಲ ಬಾಣಕ್ಕೂ ದರ್ಶನ ಕೊಟ್ಟಿದ್ದವು. ಕ್ಯಾಪ್ಟನ್ನಿನ ಹತ್ತರಲ್ಲಿ ಒಂಬತ್ತು ಎರಡನೆಯ ಬಾಣದ ಮೇಲೆ. ಅವಳ ಚೆಂಡು ಇವರದರ ಅರ್ಧ ವೇಗದಲ್ಲಿ, ತರಕಾರಿ ಕೊಳ್ಳಲು ಹೊರಟವರ ಹಾಗೆ ಹೋಗುತ್ತಿತ್ತು. ಪಿನ್ನು ಮಾತ್ರ ಹೆಚ್ಚು ಬೀಳುತ್ತಿದ್ದವು.

ಅಲ್ಲಿಯೇ ಒಂದು ಸಣ್ಣ ಅಂಗಡಿ. ಅದನ್ನು ನಡೆಸುವ ಮುದುಕ ಕೈ ಅಳತೆಗೆ ಚೆಂಡಿಗೆ ರಂಧ್ರ ಕೊರೆದುಕೊಡುತ್ತಾನೆ. ಅವನು ಅಕ್ಕನ ಹೆಬ್ಬೆರಳನ್ನೂ ಅವರು ಎಸೆಯುತ್ತಿದ್ದ ಚೆಂಡನ್ನೂ ನೋಡಿ, “ಈ ರಂಧ್ರ ಬೇರೆ ಯಾರದೋ ಕೈಗೆ ಕೊರೆದದ್ದು,” ಅಂದ. “ಇವರಿಗೆ ಹತ್ತು ಪೌಂಡು ಸಾಕು.”

“ಹತ್ತು ಪೌಂಡ್ ಮಕ್ಕಳದು!” ಅಕ್ಕ ಕನ್ನಡದಲ್ಲೇ ರೇಗಿದರು. ಮುದುಕನಿಗೆ ಅರ್ಥವಾಯಿತು ಅನ್ನಿಸುತ್ತದೆ, ನಕ್ಕ.

ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಪೂರ್ತಿ ವಿಶ್ರಾಂತಿ ಅಂದರೆ ನರ ಉಳಿಯುತ್ತದೆ, ಮಂಗಳವಾರ ಹೋಗುತ್ತದೆ. ಹೀಗೇ ಬಿಟ್ಟರೆ ಮಂಗಳವಾರ ಉಳಿಯುತ್ತದೆ, ಬೆರಳು ಹೋಗುತ್ತದೆ. ನನ್ನ ಸ್ವಭಾವಕ್ಕೆ ಸರಿಯಾದದ್ದು ‘ನಿಲ್ಲಿಸಿ’ ಅನ್ನುವುದೇ. ಆದರೆ ಆ ಫೋನಿನ ಚಿತ್ರ ನೋಡಿದ ಮೇಲೆ, ನೋವು ಇರುವುದು ಆಟದಲ್ಲಲ್ಲ, ಬಿಡುವ ಆ ಅರೆಗಳಿಗೆಯಲ್ಲಿ ಅಂತ ಸ್ಪಷ್ಟವಾಗಿತ್ತು. ಅಕ್ಕನನ್ನು ನನ್ನ ಹತ್ತಿರ ಕಳಿಸಿದ್ದ ಡಾಕ್ಟರಿಗೆ ಫೋನ್ ಮಾಡಿ, ನನ್ನ ಚಪಾತಿ ನಿದಾನವನ್ನೂ ಒಪ್ಪಿಕೊಂಡು, ಅಪ್ಪಣೆ ಕೇಳಿದೆ. ಅವರು ಎರಡು ಷರತ್ತು ಹಾಕಿದರು: ಎರಡು ವಾರ ಚೆಂಡು ಮುಟ್ಟಬಾರದು, ಆಮೇಲೆ ಜೋಮು ಒಂದಿಷ್ಟು ಹೆಚ್ಚಾದರೂ ಅವತ್ತೇ ನಿಲ್ಲಬೇಕು.

ಅಕ್ಕನಿಂದ ಪುಟ್ಟಿಯ ಡಬ್ಬಿಯನ್ನು ವಾಪಸು ಇಸಿದುಕೊಂಡೆ. “ಇನ್ನ ಮ್ಯಾಲ ಹಿಂಡೂದು ಬ್ಯಾಡ. ಬಿಡೂದು ಕಲೀಬೇಕು. ರಂಗೋಲಿ ಹಾಕೂ ಮುಂದ ಎಷ್ಟ್ ಹಗರ ಹಿಡಿತೀರಿ, ಹಂಗ.”

ಈ ಹೋಲಿಕೆಯನ್ನು ಬರುವ ದಾರಿಯಲ್ಲೆಲ್ಲ ಹೊಳಪು ಕೊಟ್ಟು ತಂದಿದ್ದೆ.

“ರಂಗೋಲಿನಾ? ನಾವು ಸ್ಟಿಕ್ಕರ್ ಅಂಟಿಸಿದೀವಪ್ಪ,” ಅಂದರು.

ಏಳನೆಯ ಪ್ರಶ್ನೆಯಲ್ಲಿ ಎರಡನೆಯ ಸಲ ಫೇಲು. ಬಾಯಿ ಮುಚ್ಚಿಕೊಂಡು, ಐದು ಪೌಂಡು ಅಕ್ಕಿ ತುಂಬಿದ ಬಟ್ಟೆಯ ಚೀಲ ಕೊಟ್ಟೆ. ಹಿಡಿಕೆಯನ್ನು ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳಿಗೆ ಸಿಕ್ಕಿಸಿಕೊಂಡು, ಭುಜದಿಂದ ಹಿಂದೆ ಮುಂದೆ ತೂಗುವುದು. ಎಳೆಯಬಾರದು, ನೂಕಬಾರದು, ಚೀಲ ತಾನೇ ತೂಗಬೇಕು. ದಿನಕ್ಕೆ ಐವತ್ತು. ಲೆಕ್ಕಕ್ಕೆ ಅವರೇ ತಾಳ ಕಟ್ಟಿಕೊಂಡರು: “ಒಂದು, ಎರಡು, ಮೂರು, ಬಿಡು.” ನಾಲ್ಕು ಹೆಜ್ಜೆ, ನಾಲ್ಕನೆಯದಕ್ಕೆ ಬಿಡು. ಕ್ಲಿನಿಕ್ಕಿನ ಕಾರಿಡಾರಿನಲ್ಲಿ ಅವರು ಚೀಲ ತೂಗುತ್ತ ನಡೆದರೆ ಸೊಂಟ ನೋವಿನವರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು.

ಮೂರನೆಯ ಮಂಗಳವಾರ ಹತ್ತು ಪೌಂಡಿನ ಹೊಸ ಚೆಂಡು ಹಿಡಿದು ಇಳಿದರು. ನಾನು ಮತ್ತೆ ರಜೆ. ಮೊದಲ ಆಟಕ್ಕೆ ಎಪ್ಪತ್ತೊಂಬತ್ತು ಅಂಕ. ಅವರ ಜೀವಮಾನದ ಕನಿಷ್ಠ. ಹೆಬ್ಬೆರಳು ಈಗ ತೀರ ಬೇಗ ಹೊರಬಂದು ಚೆಂಡು ಪಾದದ ಪಕ್ಕದಲ್ಲೇ ಬೀಳುತ್ತಿತ್ತು. ಎರಡನೆಯ ಆಟದಲ್ಲಿ ಬೀಳದಿರಲಿ ಅಂತ ಮತ್ತೆ ಹಿಂಡಿದರು. ಜೋಮು ಬಂತು. ಪಕ್ಕದಲ್ಲಿ ಆರಡಿ ಹೆಂಗಸು ನೂರ ಐವತ್ತೆಂಟು ಹೊಡೆದು ಎಲ್ಲರ ಕೈಗೂ ಕೈ ತಟ್ಟುತ್ತಿದ್ದಳು.

“ಸಾಕು, ಕೂಡ್ರಿ,” ಅಂದೆ. ಅವರು ಶೂ ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ.

ಚೆಂಡನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ಮುದುಕ ಹೇಳಿದ್ದು ಎರಡೇ ಮಾತು: “ಅವತ್ತು ಅಳತೆ ತೆಗೆದದ್ದು ಊದಿದ ಬೆರಳಿಂದ. ಈಗ ಊತ ಇಳಿದಿದೆ.” ನನಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಊತ ಇಳಿಸಿದವನು ನಾನೇ; ಅದು ಇಳಿದರೆ ರಂಧ್ರ ಸಡಿಲವಾಗುತ್ತದೆ ಅಂತ ಹೊಳೆಯಲಿಲ್ಲ. ಜಗತ್ತಿನ ಎಲ್ಲದರ ಬಗ್ಗೆ ಚಿಂತಿಸಿದ್ದೆ, ಇದೊಂದನ್ನು ಬಿಟ್ಟು. ಸಡಿಲ ರಂಧ್ರ ಕೈಗೆ ಭಯ ಹುಟ್ಟಿಸುತ್ತದೆ, ಭಯಕ್ಕೆ ಕೈ ಹಿಂಡುತ್ತದೆ. ಮುದುಕ ರಂಧ್ರದೊಳಗೆ ಟೇಪಿನ ಎರಡು ತುಂಡು ಅಂಟಿಸಿ, ಅಂಚನ್ನು ಇನ್ನಷ್ಟು ಉಜ್ಜಿ ದುಂಡಗೆ ಮಾಡಿಕೊಟ್ಟ. “ದಿನದಿನಕ್ಕೆ ಬೆರಳು ಬದಲಾಗುತ್ತದೆ. ಟೇಪು ಹಾಕಿ, ತೆಗೆದು, ಒಂದೇ ಥರ ಮಾಡಿಕೊಳ್ಳಬೇಕು.”

ಜೋಮು ಬಂದದ್ದನ್ನು ಡಾಕ್ಟರಿಗೆ ಹೇಳಿದೆ. ಮೂರು ದಿನ ಸುಮ್ಮನಿದ್ದು ಮತ್ತೆ ಪರೀಕ್ಷಿಸಿ ಅಂದರು. ನಾಲ್ಕನೆಯ ದಿನ ಜೋಮು ಇರಲಿಲ್ಲ. ಶನಿವಾರ ಬೆಳಿಗ್ಗೆ ಪಿನ್ನುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅಭ್ಯಾಸ ಮಾಡಿದೆವು. “ಪಿನ್ ಕಡೆ ನೋಡಬ್ಯಾಡ್ರಿ, ಎರಡನೇ ಬಾಣ ನೋಡ್ರಿ,” ಅಂತ ಹೇಳಿ, ಚೆಂಡು ಬಾಣ ದಾಟಿದ ಕೂಡಲೇ ಪಿನ್ನಿಗೂ ಸ್ಕೋರಿನ ಟಿವಿಗೂ ಬೆನ್ನು ಹಾಕಿಸಿ ನಿಲ್ಲಿಸಿದೆ. ಮೊದಲು ಹತ್ತರಲ್ಲಿ ನಾಲ್ಕು ಬಾಣದ ಮೇಲೆ. ಆಮೇಲೆ ಆರು. ಕೊನೆಗೆ ಎಂಟು.

“ಸದ್ದೇ ಬರಲ್ವಲ್ಲಪ್ಪ,” ಅಂತ ಗೊಣಗಿದರು. ತಿರುಗಿ ನೋಡಿದರೆ ಎಂಟು ಪಿನ್ ಮಲಗಿದ್ದವು.

ಮುಂದಿನ ಮಂಗಳವಾರ ಆಯ್ಕೆ. ಮೂರು ಆಟದಲ್ಲಿ ಆರಡಿ ಹೆಂಗಸು ನೂರ ಐವತ್ತೆಂಟು, ತೊಂಬತ್ತೊಂದು, ನೂರ ಎರಡು. ಅಕ್ಕ ನೂರ ಇಪ್ಪತ್ತು, ನೂರ ಇಪ್ಪತ್ತಮೂರು, ನೂರ ಹದಿನೆಂಟು. ನಾನು ಕೆಲಸದಲ್ಲಿದ್ದೆ, ಕ್ಯಾಪ್ಟನ್ ಏನೆಂದಳು ಅಂತ ಮರುದಿನ ಕ್ಲಿನಿಕ್ಕಿನಲ್ಲಿ ಅಕ್ಕನೇ ಅಭಿನಯಿಸಿ ತೋರಿಸಿದರು. “‘ಹನೀ, ಬಸ್ಸು ಓಡಿಸ್ದೋಳು ನಾನು. ದಿನಾ ಅದೇ ಟೈಮಿಗೆ ಬಂದು ನಿಲ್ಲೋ ಮಗುನೇ ನಂಗಿಷ್ಟ’ ಅಂದ್ಲು. ನಾನೇ ಫೈನಲ್ಸು!”

ಅಷ್ಟರಲ್ಲಿ ಪಾರ್ಕಿಂಗ್ ಮುಗಿಸಿ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ.

ಅಕ್ಕ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅವರೇ, “ಚಪಾತಿ ಅಲ್ಲ ಕಣೇ. ಬೌಲಿಂಗು,” ಅಂದರು.

“ಮಮ್ಮಿ, ನಮ್ಮನೇಲಿ ಚಪಾತಿ ಲಟ್ಟಿಸಿದ್ದು ಯಾವಾಗ? ಇಂಡಿಯನ್ ಸ್ಟೋರಿಂದ ಪ್ಯಾಕೆಟ್ ತರ್ತೀವಿ. ಐ ನ್ಯೂ ಆನ್ ಡೇ ಒನ್.”

“ಮತ್ತ ನೀವರ ಹೇಳಬಾರದೇನ್ರಿ!” ಅಂದೆ ನಾನು.

“ಹೇಳೋಣ ಅಂದ್ಕೊಂಡೆ. ನೀವು ಅಷ್ಟು ಕಾನ್ಫಿಡೆಂಟಾಗಿ ಬರ್ಕೊಂಡ್ರಿ, ಚಪಾತಿ ಅಂತ ಯಾವುದೋ ಕಂಡೀಷನ್ ಇರ್ಬೇಕೇನೋ ಅಂತ ಸುಮ್ನಾದೆ.” ಆಮೇಲೆ ತಾಯಿಯ ಕೈ ತೆಗೆದುಕೊಂಡು ಹೆಬ್ಬೆರಳನ್ನು ಹೊರಳಿಸಿ ನೋಡಿದಳು. “ಈ ಬೆರಳು ಹೋದ್ರೆ ಏನ್ ಮಾಡ್ತೀಯಾ ಅಂತ ನನ್ನ ಭಯ, ಅಷ್ಟೇ. ಮಂಗಳವಾರ ನಾನೂ ಬರ್ತೀನಿ.”

ಫೈನಲ್ಸಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತು ಎಸೆತ ಎಣಿಸಿದೆ. ಪ್ರತಿ ಆಟ ಮುಗಿದ ಮೇಲೆ ಬಂದು ಕೈ ಚಾಚುತ್ತಿದ್ದರು, ನಾನು ಜಡ್ಡಿನ ಮೇಲೆ ತಟ್ಟುತ್ತಿದ್ದೆ. “ಏನೂ ಇಲ್ಲ. ನೀನು ಉಸಿರಾಡಪ್ಪ.” ಕೊನೆಯ ಆಟದ ಕೊನೆಯ ಸರದಿ ಅವರದೇ. ಎದುರು ತಂಡ ಏಳು ಪಿನ್ ಮುಂದೆ. ಮೊದಲ ಚೆಂಡಿಗೆ ಒಂಬತ್ತು ಬಿದ್ದು, ಎದುರು ತಂಡದ ಆಸೆ ಉಳಿಸುವಂತೆ ಬಲತುದಿಯ ಒಂದು ಪಿನ್ ನಿಂತಿತು. ಆ ಏಳರ ಅಂತರ ಈ ಒಂಬತ್ತನ್ನೂ ಎಣಿಸಿದ ಮೇಲಿನದು. ನಿಂತ ಆ ಪಿನ್ ಬಿದ್ದರೆ ಇನ್ನೊಂದು ಎಸೆತ ಸಿಗುತ್ತದೆ. ಅದರಲ್ಲಿ ಏಳು ಬಿದ್ದರೆ ಗೆಲುವು.

ಅವರ ಭುಜ ಏರಿತು. ಹಳೆಯ ಥ್ರೋಬಾಲಿನ ಭುಜ. ನನಗೆ ಗೊತ್ತಾಯಿತು, ಕ್ಯಾಪ್ಟನ್ನಿಗೂ ಗೊತ್ತಾಯಿತು. ಅವಳು ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವಂಥ ದನಿಯಲ್ಲಿ, ಅಕ್ಕನ ತಾಳ ಕೇಳಿ ಕಲಿತ ಕನ್ನಡದಲ್ಲೇ ಕೂಗಿದಳು: “ಬಿಡೂ!”

ಅಕ್ಕ ನಕ್ಕುಬಿಟ್ಟರು. ಭುಜ ಇಳಿಯಿತು. ಒಂದು, ಎರಡು, ಮೂರು. ಚೆಂಡು ಎಷ್ಟು ನಿಧಾನ ಹೋಯಿತೆಂದರೆ ಅದು ತಲುಪುವಷ್ಟರಲ್ಲಿ ನಾನು ಎರಡು ಬೇರೆಬೇರೆ ಚಿಂತೆ ಮಾಡಿ ಮುಗಿಸಿದ್ದೆ. ಲೇನನ್ನು ಓರೆಯಾಗಿ ದಾಟಿ ತುದಿಯ ಪಿನ್ನನ್ನು ಭುಜಕ್ಕೆ ಭುಜ ತಾಗಿಸಿದ ಹಾಗೆ ಸೋಕಿತು. ಪಿನ್ ಯೋಚಿಸಿ, ಬಿತ್ತು.

ಕೊನೆಯ ಎಸೆತದಲ್ಲಿ ವಿಶೇಷವೇನೂ ಆಗಲಿಲ್ಲ. ಎರಡನೆಯ ಬಾಣ, ಎಂಟು ಪಿನ್. ಅವರಿಗೆ ಹತ್ತು ದಿನದಿಂದ ಬೀಳುತ್ತಿದ್ದಷ್ಟೇ. ಮಗಳು “ಮಮ್ಮೀ!” ಅಂತ ಕಿರುಚಿ, ಅಲ್ಲಿ ಕಡ್ಡಾಯವಾದ ಬೌಲಿಂಗ್ ಶೂ ಇಲ್ಲದೆಯೇ ಲೇನಿನವರೆಗೆ ಓಡಿ ಬೈಸಿಕೊಂಡಳು.

ಎರಡು ದಿನದ ನಂತರ ಕೊನೆಯ ಭೇಟಿ. ನೇರಳೆ ಅಂಗಿಯಲ್ಲೇ ಬಂದಿದ್ದರು. ತಟ್ಟಿದೆ, ಕರೆಂಟಿಲ್ಲ. ಕಣ್ಣು ಮುಚ್ಚಿಸಿ ನೈಲಾನ್ ಎಳೆ ಸೋಕಿಸಿದೆ, ಎಲ್ಲಿ ಸೋಕಿತೆಂದು ಪ್ರತಿ ಸಲವೂ ಸರಿಯಾಗಿ ಹೇಳಿದರು. ಫಾರಂ ಮುಚ್ಚಲು ಉಳಿದಿದ್ದು ಒಂದೇ ಖಾನೆ: ಚಿಕಿತ್ಸೆಯ ಗುರಿ ಈಡೇರಿತೇ? ಮೊದಲ ದಿನ ಬರೆದದ್ದನ್ನು ಅಳಿಸಲು ಕಂಪ್ಯೂಟರ್ ಒಪ್ಪಲಿಲ್ಲ. ಕೇಳಲೇಬೇಕಾಯಿತು.

“ಅಕ್ಕಾರ, ಈಗ ನೋವಿಲ್ಲದ ಹತ್ತು ಚಪಾತಿ ಲಟ್ಟಸ್ತೀರೇನ್ರಿ?”

“ಅಯ್ಯೋ, ಅದು ನಂಗೆ ಮೊದಲಿಂದ್ಲೂ ಬರಲ್ವಲ್ಲಪ್ಪ. ನಾವು ಅನ್ನದೋರು.”

ಈ ಸಲ ಅವರ ಮಾತಿನಲ್ಲೇ ಬರೆದೆ. ಫಾರಂ ನೋಡಿ ದುಡ್ಡು ಕೊಡುವ ವಿಮೆಯವರು ಇನ್ನೂ ಏನೂ ಕೇಳಿಲ್ಲ. ಕೇಳಬಹುದು ಅಂತ ಚಿಂತೆ ಇದ್ದೇ ಇದೆ.